ಕಾಲುಗುರು

ಒದೆ ಬಿದ್ದದ್ದು ಸರಿಯಾಗಿ ಬಾಯಿಗೆ. ಬರಿಗಾಲಿನ ಒದೆ. ಕುಕ್ಕರುಗಾಲಲ್ಲಿ ಕೂತಿದ್ದ ಗಣಪತಿ ಹಿಂದಕ್ಕೆ ಉರುಳಿದ. ತಲೆ ಕಬ್ಬಿಣದ ಕಪಾಟಿಗೆ ಬಡಿಯಿತು. ಬಾಯೊಳಗೆ ಕಲ್ಲಿನಂಥದ್ದೇನೋ ಹೊರಳಿತು. ಉಗುಳಿದ. ಹಲ್ಲು. ಅರ್ಧ ಹಲ್ಲು, ಒಂದಿಷ್ಟು ರಕ್ತ.

ಕೋಣೆಯಲ್ಲಿ ಹನ್ನೆರಡು ಜನ ಆಟಗಾರರಿದ್ದರು. ನಕ್ಕರು. ಸುಳ್ಳು ಯಾಕೆ ಹೇಳಬೇಕು, ಎಲ್ಲರೂ ನಗಲಿಲ್ಲ. ಇಬ್ಬರು ಮುಖ ತಿರುಗಿಸಿಕೊಂಡು ಶೂ ಲೇಸು ಕಟ್ಟಿದರು. ಅದು ನಗುವುದಕ್ಕಿಂತ ಕಡೆ.

"ಏ ಕಾಕಾ, ಉಗುರು ತೆಗಿ ಅಂದ್ರೆ ಬೆರಳೇ ತೆಗೀತೀಯಾ?" ಎಂದ ಆದರ್ಶ, ಹಿಂದಿಯಲ್ಲಿ. ಅವನ ಹೆಬ್ಬೆರಳ ತುದಿಯಲ್ಲಿ ರಕ್ತದ ಒಂದು ಹನಿ ಇತ್ತು. ಸಾಸಿವೆ ಕಾಳಿನಷ್ಟು. ಫಿಸಿಯೋ ಓಡಿ ಬಂದ. ಹತ್ತಿ ತಂದ, ಸ್ಪಿರಿಟ್ ತಂದ. ಗಣಪತಿಯ ಬಾಯಿಗೆ ಯಾರೂ ಏನೂ ತರಲಿಲ್ಲ.

ಈ ಆದರ್ಶ ಅಹ್ಮದಾಬಾದ್ ಕಬಡ್ಡಿ ತಂಡದ ರೈಡರ್. ಸುರತ್‌ನಿಂದ ಅಹ್ಮದಾಬಾದ್‌ವರೆಗೆ ಹೈವೇ ಉದ್ದಕ್ಕೂ ಅವನ ಫೋಟೋ. ಇನ್ನು ಗಣಪತಿ. ಐವತ್ತೊಂದು ವರ್ಷ. ಸುರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲಿನಲ್ಲಿ ಹಗಲು ಕೆಲಸ. ಬೆರಳ ಸಂದಿಯಲ್ಲಿ ಯಾವ ಸೋಪಿಗೂ ಹೋಗದ ನೀಲಿ. ಅವನು ಆ ತಂಡದ ಆಳಲ್ಲ, ಕ್ಷೌರದಂಗಡಿಯವನೂ ಅಲ್ಲ. ಇನ್ನು ಹತ್ತು ನಿಮಿಷಕ್ಕೆ ಶುರುವಾಗಬೇಕಿದ್ದ ಪಂದ್ಯದ ರೆಫರಿ ಅವನು. ಇದೇ ಆದರ್ಶನನ್ನು ಕೈ ಎತ್ತಿ ಔಟ್ ಎನ್ನಬೇಕಾದವನು. ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಿತ್ತು. ಕೈಯಲ್ಲಿ ನೇಲ್ ಕಟರ್ ಇತ್ತು.

ರೆಫರಿಯ ಕೈಗೆ ನೇಲ್ ಕಟರ್ ಹೇಗೆ ಬಂತು ಎಂದು ಕೇಳಬೇಕು ನೀವು. ಕೇಳಿ.

ಕಬಡ್ಡಿ ಎಂದರೆ ಮೈಮೇಲೆ ಬೀಳುವ ಆಟ. ಉಗುರು ಬೆಳೆದಿದ್ದರೆ ಎದುರಿನವನ ಕಣ್ಣು ಹೋಯಿತು. ಅದಕ್ಕೇ ನಿಯಮ ಇದೆ. ಆಟಗಾರ ಕೈಯುಗುರು ಕತ್ತರಿಸಿಕೊಂಡು ಬರಬೇಕು, ರೆಫರಿ ನೋಡಬೇಕು. ನೋಡಬೇಕು, ಅಷ್ಟೆ. ಕತ್ತರಿಸಿ ಕೊಡಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಈ ಶೌರ್ಯ ಕಬಡ್ಡಿ ಲೀಗ್ ಶುರುವಾದ ಮೊದಲ ವರ್ಷ ಒಬ್ಬ ಹಾಗೇ ಬಂದ. ಕತ್ತರಿಸಿಕೋ ಎಂದರು. ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಿಕೊಂಡರೆ ಲಕ್ಷ್ಮಿ ಎದ್ದು ಹೋಗುತ್ತಾಳೆ, ಪಂದ್ಯದ ದಿನವಂತೂ ಮುಟ್ಟುವುದೇ ಇಲ್ಲ ಎಂದ. ಪಂದ್ಯ ಎಂಟಕ್ಕೆ. ಟಿವಿಯವರು ಗಡಿಯಾರ ತೋರಿಸುತ್ತಿದ್ದರು. ಆಗ ಯಾರೋ ಒಂದು ಉಪಾಯ ಹೇಳಿದರು: ತಾನೇ ಕತ್ತರಿಸಿಕೊಂಡರೆ ತಾನೆ ದೋಷ? ಬೇರೆಯವರು ಕತ್ತರಿಸಿದರೆ ದೋಷ ಅವರಿಗೆ. ಆಟಗಾರರೆಲ್ಲ ಈ ಉಪಾಯವನ್ನು ಒಂದೇ ವಾರದಲ್ಲಿ ಕಲಿತರು. ಮನೆಯಿಂದ ಉಗುರು ಬೆಳೆಸಿಕೊಂಡೇ ಬರತೊಡಗಿದರು. ದೋಷ ಹೊರಲಿಕ್ಕೆ ಲೀಗಿನಲ್ಲಿ ಆರು ಜನ ರೆಫರಿಗಳಿದ್ದರಲ್ಲ.

ಆರು ಜನರಲ್ಲಿ ಗಣಪತಿಯೇ ಯಾಕೆ? ಅದು ಅವನು ಕೈಯಾರೆ ತೋಡಿಕೊಂಡ ಹಳ್ಳ.

ಮುಖ್ಯ ರೆಫರಿ ಪಟ್ಟಾಭಿರಾಮ. ಮೈಸೂರಿನವರು. ವಡೋದರಾದಲ್ಲಿ ಸರ್ಕಾರಿ ಕಂಪನಿಯಲ್ಲಿ ಆಫೀಸರಾಗಿದ್ದು ನಿವೃತ್ತರಾದವರು. ಮೊದಲ ದಿನ ಗಣಪತಿಯನ್ನು ಕಂಡವರೇ, "ಕನ್ನಡದೋರಾ? ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದರು. ಗಣಪತಿ ಹದಿನೇಳನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಸುರತ್‌ಗೆ ಬಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದವನು. ಕುರ್ಚಿ ತೋರಿಸಿ 'ಕೂತ್ಕೊಳ್ಳಿ' ಎಂಬ ಕನ್ನಡ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಕರಗಿ ಹೋದ.

"ಭಂಡಾರಿ ಅಂದ್ರೆ ಬಂಟರಾ ನೀವು?" ಎಂದು ಗಣಪತಿಯ ಅಡ್ಡಹೆಸರು ಹಿಡಿದು ಕೇಳಿದರು ಪಟ್ಟಾಭಿರಾಮ.

ಹೂಂ ಎಂದಿದ್ದರೆ ಮುಗಿದಿತ್ತು. ಗುಜರಾತಿನಲ್ಲಿ ಯಾರಿಗೆ ಗೊತ್ತಾಗುತ್ತಿತ್ತು? ಅಲ್ಲಿಯವರಿಗೆ ಭಂಡಾರಿ ಎಂದರೆ ಉಗ್ರಾಣ ನೋಡಿಕೊಳ್ಳುವವನು. ಆದರೆ ಕಾಫಿ ಬಿಸಿ ಇತ್ತು, ಕನ್ನಡ ಸಿಹಿ ಇತ್ತು. "ಅಲ್ಲ ಸಾರ್. ಬಂಟರಲ್ಲೂ ಭಂಡಾರಿಗಳು ಉಂಟು. ನಾವು ಅವರಲ್ಲ. ನಾವು ಕ್ಷೌರದವ್ರು. ಅಪ್ಪ ಕತ್ತಿ ಹಿಡೀತಿದ್ರು" ಎಂದುಬಿಟ್ಟ.

"ಓಹೋ" ಎಂದರು ಪಟ್ಟಾಭಿರಾಮ. ಕೆಟ್ಟವರಲ್ಲ ಅವರು. ಕಾಫಿ ಪೂರ್ತಿ ಕುಡಿಸಿಯೇ ಕಳಿಸಿದರು. ಮರುದಿನ ನೇಲ್ ಕಟರ್ ಬಂದಾಗ, "ಗಣಪತೀ, ನಿಂಗೆ ಕೈ ಪಳಗಿರುತ್ತೆ, ಬೇಗ ಆಗುತ್ತೆ ಕಣಯ್ಯಾ" ಎಂದು ನಗುತ್ತ ಅವನ ಕೈಗಿಟ್ಟರು. ಪಕ್ಕದವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಆ ತಮಾಷೆ ಮೂರು ವರ್ಷ ನಡೆಯಿತು. ಗಣಪತಿ ಒಂದು ದಿನವೂ ಕತ್ತಿ ಹಿಡಿದವನಲ್ಲ.

ಆ ಶುಕ್ರವಾರ ಸುರತ್‌ನಲ್ಲಿ ಆದರ್ಶನ ಹತ್ತು ಕೈಯುಗುರು ಮುಗಿದಿತ್ತು. ಎದ್ದು ಹೊರಡಬೇಕು, ಆಗ ಅವನು ಕಾಲು ಚಾಚಿದ. ಮಾತಿಲ್ಲ. ಮೊಬೈಲ್ ನೋಡುತ್ತ ಕಾಲು ಚಾಚಿದ, ಅಷ್ಟೆ. ಗಣಪತಿ ಆ ಪಾದವನ್ನು ನೋಡಿದ. ಅದು ಅವನ ಮೊಣಕಾಲ ಮೇಲೆ ಬಂದು ಕೂತಿತು. ಕತ್ತರಿಸಿದ. ಹೆಬ್ಬೆರಳ ಉಗುರು ಮಾಂಸದೊಳಗೆ ಹೂತಿತ್ತು. ಕಟರ್ ಜಾರಿತು.

ಲೀಗಿನ ಮ್ಯಾನೇಜರ್ ಸತ್ಯಪ್ರಕಾಶ ಬಾಗಿಲಲ್ಲಿ ಬಂದು ನಿಂತ. ನೆಲದ ಮೇಲಿನ ರಕ್ತ ನೋಡಿದ. "ಗಣಪತ್ ಭಾಯ್, ಇದೆಲ್ಲ ಆಮೇಲೆ. ಏಳು ನಿಮಿಷಕ್ಕೆ ಲೈವ್. ಬಾಯಿ ತೊಳ್ಕೋ, ಸೀಟಿ ಊದು" ಎಂದ.

ಊದಿದ. ನಲವತ್ತು ನಿಮಿಷ ಊದಿದ. ಒಂದೊಂದು ಸಲ ಊದಿದಾಗಲೂ ಮುರಿದ ಹಲ್ಲಿನ ನರಕ್ಕೆ ಗಾಳಿ ತಾಗಿ ಕಣ್ಣಲ್ಲಿ ನೀರು ಬಂತು. ರಕ್ತ ನುಂಗಿದ. ಆದರ್ಶ ಹದಿನಾಲ್ಕು ಪಾಯಿಂಟ್ ತಂದ. ಹದಿನಾಲ್ಕಕ್ಕೂ ಗಣಪತಿಯೇ ಕೈ ಎತ್ತಿದ. ಒಂದನ್ನೂ ಕಡಿಯಲಿಲ್ಲ. ಮೋಸ ಮಾಡಬಹುದಿತ್ತು. ಬರಲಿಲ್ಲ ಅವನಿಗೆ.

ಮನೆಗೆ ಬಂದಾಗ ಪಾರ್ವತಿ ಸೀರೆಗೆ ಮಿನುಗುವ ಟಿಕ್ಕಿ ಅಂಟಿಸುತ್ತ ಕೂತಿದ್ದಳು. ಹೆಂಡತಿ. ಪಾಂಡೇಸರಾದ ಆ ಗಲ್ಲಿಯಲ್ಲಿ ಎಲ್ಲ ಹೆಂಗಸರಿಗೂ ಅದೇ ಕೆಲಸ. ತಲೆ ಎತ್ತಿದಳು. ಊದಿಕೊಂಡ ತುಟಿ ನೋಡಿದಳು. ಏನೂ ಕೇಳದೆ ಉಪ್ಪುನೀರು ಕಾಸಿ ತಂದಳು. ಅವನು ಬಾಯಿ ಮುಕ್ಕಳಿಸಿದ ಮೇಲೆ ಕೇಳಿದಳು.

"ಆಟದಲ್ಲಿ ತಾಗಿದ್ದಾ?"

"ಅಲ್ಲ. ಉಗುರು ತೆಗೀವಾಗ. ಆದರ್ಶ ಒದ್ದ."

"ಕೈ ಉಗುರು ತೆಗೀವಾಗ ಒದೀಲಿಕ್ಕೆ ಆಗ್ತದಾ?"

"ಕೈಯದ್ದು ಆಗಿತ್ತು. ಮತ್ತೆ ಕಾಲು ಕೊಟ್ಟ."

"ಆಡುವಾಗ ಕಾಲಿಗೆ ಶೂ ಹಾಕುದಿಲ್ವಾ ಅವ್ರು?"

"ಹಾಕ್ತಾರೆ."

"ಮತ್ತೆ ಕಾಲುಗುರು ಯಾರಿಗೆ ತಾಗ್ತದೆ? ನೀವು ಯಾಕೆ ತೆಗೆದದ್ದು?"

ಗಣಪತಿ ಉಪ್ಪುನೀರಿನ ಲೋಟ ಕೆಳಗಿಟ್ಟ. "ಕೊಟ್ಟ. ತೆಗೆದೆ" ಎಂದ.

ಪಾರ್ವತಿ ಕೈಯಲ್ಲಿದ್ದ ಅಂಟಿನ ಡಬ್ಬಿಯನ್ನು ಗೋಡೆಗೆ ಎಸೆದಳು.

"ಮಾವ ಬದುಕಿದ್ರೆ ಇನ್ನೊಂದು ಹಲ್ಲು ಅವ್ರೇ ಉದುರಿಸ್ತಿದ್ರು ನಿಮ್ದು. ಗೊತ್ತುಂಟಾ?"

ಗೊತ್ತಿತ್ತು. ಅವನ ಅಪ್ಪ ಏಳು ದೊಡ್ಡಮನೆಗಳ ತಲೆ ಬೋಳಿಸುತ್ತಿದ್ದ ಮನುಷ್ಯ. ಜಗುಲಿಯ ಕೆಳಗೆ ನಿಂತು, ಜಗುಲಿಯ ಮೇಲೆ ಕೂತವನ ಗಡ್ಡ ಹೆರೆಯುತ್ತಿದ್ದವನು. ಒಂದು ಬೆಳಿಗ್ಗೆ ಒಬ್ಬ ಧಣಿ ನೊರೆ ನೀರನ್ನು ಅವನ ಮುಖಕ್ಕೆ ಎರಚಿ ನಕ್ಕ. ಅಪ್ಪ ಕತ್ತಿ ಮಡಚಿದ. ಅರ್ಧ ಗಡ್ಡ ಹೆರೆದದ್ದು, ಅರ್ಧ ಬಿಟ್ಟದ್ದು. ಹಾಗೇ ಹೊರಟು ಹೋದ. ಸುತ್ತಿನ ಕ್ಷೌರದವರ ಮನೆಗಳಿಗೆಲ್ಲ ಹೋಗಿ ಹೇಳಿ ಬಂದ. ಐದು ತಿಂಗಳು ಏಳು ಮನೆಯಲ್ಲಿ ಒಂದು ಕೂದಲು ಉದುರಲಿಲ್ಲ. ಹೊಡೆದರು, ಬೇಲಿಗೆ ಬೆಂಕಿ ಇಟ್ಟರು. ಕೊನೆಗೆ ಆ ಧಣಿಯ ಮನೆಯಲ್ಲೊಂದು ಸಾವಾಯಿತು. ಕ್ರಿಯೆಗೆ ಕೂರಲು ತಲೆ ಬೋಳಿಸುವವರಿಲ್ಲ. ಧಣಿ ಅಪ್ಪನ ಅಂಗಳಕ್ಕೆ ಬಂದು ಕೈಮುಗಿದು ನಿಂತ. ಕೂರಲು ತನಗೂ ಒಂದು ಮಣೆ ಹಾಕಿದ ಮೇಲೆಯೇ ಅಪ್ಪ ಕತ್ತಿ ಬಿಚ್ಚಿದ್ದು. ಅಂಥವನ ಮಗ. ಆ ಕತ್ತಿಗೆ ನಾಚಿ ಸುರತ್‌ಗೆ ಓಡಿ ಬಂದ ಮಗ.

"ರೆಫರಿಗಳೆಲ್ಲ ಸೇರಿ ಸ್ಟ್ರೈಕ್ ಮಾಡ್ತೇವೆ, ಬೇಡಿಕೆ ಪಟ್ಟಿ ಬರೀತೇವೆ ಹೇಳ್ತಿದ್ರಲ್ಲ," ಎಂದಳು ಪಾರ್ವತಿ. "ಅದರಲ್ಲಿ ಇದುಂಟಾ?"

"ಇಲ್ಲ."

"ಬರೆಸಿ. ಬರೆಸದೆ ಮನೆಗೆ ಬರ್ಬೇಡಿ."

ಸೋಮವಾರ ಮಧ್ಯಾಹ್ನ ವಡೋದರಾದಲ್ಲಿ ಪಟ್ಟಾಭಿರಾಮರ ಮನೆಯಲ್ಲಿ ಆರೂ ಜನ ಸೇರಿದರು. ಪಟ್ಟಿ ಟೈಪಾಗಿ ಬಂದಿತ್ತು. ಒಂಬತ್ತು ಬೇಡಿಕೆ. ಲಿಖಿತ ಒಪ್ಪಂದ ಬೇಕು. ಗಾಯವಾದರೆ ಲೀಗೇ ಚಿಕಿತ್ಸೆ ಕೊಡಿಸಬೇಕು. ಅಂಕಣದಲ್ಲಿ ರೆಫರಿಯ ಮೇಲೆ ಕೈಮಾಡಿದ ಆಟಗಾರನನ್ನು ಹೊರಹಾಕಬೇಕು. ಬೆಳಿಗ್ಗೆ ಐದಕ್ಕೆ ಬಂದು ಮ್ಯಾಟ್ ಹೊತ್ತು ಹಾಸುವ ಕೆಲಸ ರೆಫರಿಗಳದ್ದಲ್ಲ. ಹೀಗೆ. ಒಂದೂ ಸುಳ್ಳು ಬೇಡಿಕೆಯಲ್ಲ. ಆ ಮ್ಯಾಟು ಹೊತ್ತು ಬೆನ್ನು ಬಿದ್ದವರೇ ಎಲ್ಲ.

"ಹತ್ತನೇದು ಒಂದು ಹಾಕಿ ಸಾರ್. ರೆಫರಿ ಉಗುರು ತೆಗೀಲಿಕ್ಕಿಲ್ಲ ಅಂತ," ಎಂದ ಗಣಪತಿ.

ಪಟ್ಟಾಭಿರಾಮ ಕನ್ನಡಕ ತೆಗೆದು ಒರೆಸಿದರು. "ನೋಡಪ್ಪಾ ಗಣಪತಿ, ನಿಂಗಾಗಿದ್ದು ತಪ್ಪೇ. ನಾನಿಲ್ಲ ಅನ್ನಲ್ಲ. ಆದ್ರೆ ಕಾಂಟ್ರಾಕ್ಟ್ ಕೇಳೋ ಕಾಗದದಲ್ಲಿ ಕಾಲುಗುರು ಅಂತ ಬರೆಯೋದಾ? ನಗ್ತಾರೆ ಕಣಯ್ಯಾ ಅವ್ರು. ಪಟ್ಟಿಗೊಂದು ಮರ್ಯಾದೆ ಬೇಡ್ವಾ?"

"ನನ್ನ ಬಾಯಿಗೆ ಬೇಡ್ವಾ ಸಾರ್?"

"ಮೂರನೇ ಬೇಡಿಕೇಲಿ ಇದೆಯಲ್ಲ, ಕೈಮಾಡಿದ್ರೆ ಹೊರಗೆ ಹಾಕಿ ಅಂತ."

"ಅದು ಅಂಕಣದಲ್ಲಿ. ನನಗೆ ಒದ್ದದ್ದು ಡ್ರೆಸಿಂಗ್ ರೂಮಲ್ಲಿ."

"ಹೌದು, ಟೆಕ್ನಿಕಲಿ ಆಗ ನೀನು ರೆಫರಿಯಾಗಿ ಇರ್ಲಿಲ್ಲ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಮತ್ತೆ ಎಂತ ಆಗಿ ಇದ್ದೆ?"

ಉಳಿದ ರೆಫರಿಗಳು ಟೈಲ್ಸ್ ನೋಡುತ್ತಿದ್ದರು. ಅವರ ಲೆಕ್ಕ ಬೇರೆ. ಗಣಪತಿ ಬಿಟ್ಟರೆ ಆ ಕಟರ್ ಸರದಿಯ ಮೇಲೆ ತಮ್ಮ ಕೈಗೇ ಬರುತ್ತದೆ. ಒಬ್ಬಳು ಮಾತ್ರ ಬಾಯಿಬಿಟ್ಟಳು. ನಿಕಿತಾ, ಆರನೆಯ ರೆಫರಿ. ಇಪ್ಪತ್ತಾರರ ಹುಡುಗಿ. ಹುಟ್ಟಿ ಬೆಳೆದದ್ದು ಅಹ್ಮದಾಬಾದಿನ ಬೋಪಲ್ ಬಡಾವಣೆಯಲ್ಲಿ, ಅಪ್ಪ ಧಾರವಾಡದ ಕಡೆಯ ವಿಜ್ಞಾನಿ. ಅವಳ ಕನ್ನಡ ಕುಂಟುತ್ತಿತ್ತು.

"ಅಂಕಲ್, ಟೆಂತ್ ಪಾಯಿಂಟ್ ಹಾಕಿ ನಾ. ಪೇಪರ್ ಅಲ್ಲಿ ಜಾಗಾ ಇದೆ ಅಲ್ವಾ?"

"ನೀನು ಮೊದ್ಲು ಕನ್ನಡ ಸರಿಯಾಗಿ ಕಲಿಯಮ್ಮಾ," ಎಂದರು ಪಟ್ಟಾಭಿರಾಮ. ನಾಲ್ವರು ನಕ್ಕರು. ಹಗುರಾದರು. "ಗೆದ್ದ ಮೇಲೆ ನೋಡೋಣ ಗಣಪತಿ. ಮಾತು ಕೊಡ್ತೀನಿ."

ಗಣಪತಿ ಸಹಿ ಹಾಕಿದ. ಸಂಘ ಒಡೆಯಬಾರದು ಎಂದು ಹಾಕಿದ. ಮನೆಗೆ ಹೋಗಲಿಲ್ಲ. ಪಾರ್ವತಿಗೆ ಫೋನ್ ಮಾಡಿ, "ಇನ್ನೂ ಬರೆದಿಲ್ಲ" ಎಂದ. "ಹಾಗಾದ್ರೆ ಅಲ್ಲೇ ಇರಿ" ಎಂದು ಅವಳು ಫೋನ್ ಇಟ್ಟಳು.

ಬುಧವಾರ ವಡೋದರಾದ ಸ್ಟೇಡಿಯಂ ಗೇಟಿನ ಮುಂದೆ ಕೂತರು. ಪಟ್ಟಾಭಿರಾಮ ಮಾತುಕತೆಗೆ ಒಳಗೆ ಹೋಗಿದ್ದರು. ಹೊರಗೆ ಐದು ಜನ, ಒಂದು ಬ್ಯಾನರು. ಬೆಳಿಗ್ಗೆ ಹನ್ನೊಂದರ ಬಿಸಿಲು. ತಂಡದ ಬಸ್ ಬಂತು. ಬಸ್ಸಿನ ಹಿಂದೆ ಲೀಗಿನ ಕಪ್ಪು ಅಂಗಿಯ ಬೌನ್ಸರುಗಳ ಎರಡು ಜೀಪು. ಏಳಿ ಎನ್ನಲೂ ಇಲ್ಲ. ಕೋಲು ಬೀಸಿಕೊಂಡೇ ಇಳಿದರು.

ಮೊದಲ ಏಟು ನಿಕಿತಾಳ ಭುಜಕ್ಕೆ. ಮೂಳೆಯ ಸದ್ದು ಕೇಳಿಸಿತು. ಉಳಿದ ಮೂವರು ಓಡಿದರು. ಓಡಿದ್ದು ತಪ್ಪಲ್ಲ, ಕೋಲು ಕಂಡರೆ ಕಾಲು ಓಡುತ್ತದೆ. ಗಣಪತಿ ಹುಡುಗಿಯ ಮೇಲೆ ಅಡ್ಡ ಬಿದ್ದ. ಹುಡುಗಿಗೆ ಬೀಳಬೇಕಾದ್ದು ಅವನ ಬೆನ್ನಿಗೆ ಬಿತ್ತು, ಪಕ್ಕೆಗೆ ಬಿತ್ತು, ಕಿವಿಯ ಹಿಂದೆ ಬಿತ್ತು. ಎಣಿಸಲಿಲ್ಲ. ಟಾರು ಕಾದಿತ್ತು. ಕೆನ್ನೆ ಅದಕ್ಕೆ ಅಂಟಿ ಸುಟ್ಟಿತು. ಬಸ್ಸಿನ ಕಿಟಕಿಯಲ್ಲಿ ಆಟಗಾರರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಏಟು ತಿನ್ನುತ್ತ ಗಣಪತಿಗೆ ಒಂದೇ ಯೋಚನೆ. ಈ ಒಂಬತ್ತರಲ್ಲಿ ಒಂದೂ ನನ್ನದಲ್ಲ.

ಆ ವಿಡಿಯೋವೇ ಲೀಗಿಗೆ ಮುಳುವಾಯಿತು. ಊರೆಲ್ಲ ನೋಡಿತು. ವಡೋದರಾದ ಎರಡು ಪಂದ್ಯ ನಿಂತವು. ಜಾಹೀರಾತಿನವರು ಗುರುಗುಟ್ಟಿದರು. ಮೂರನೇ ದಿನ ಲೀಗು ಬಗ್ಗಿತು. ಒಂಬತ್ತಕ್ಕೆ ಒಂಬತ್ತೂ ಒಪ್ಪಿತು. ಪಟ್ಟಾಭಿರಾಮರಿಗೆ ಹಾರ ಹಾಕಿದರು. ಗಣಪತಿ ಆಸ್ಪತ್ರೆಯ ಮಂಚದ ಮೇಲಿದ್ದ. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ನಿಕಿತಾ ತೋಳು ಜೋಲಿಗೆ ಕಟ್ಟಿಕೊಂಡು ಬಂದು ಒಪ್ಪಂದವನ್ನು ಮೊಬೈಲಿನಲ್ಲಿ ಓದಿ ಹೇಳಿದಳು. ಒಂಬತ್ತೂ ಆಯಿತು. ಕೊನೆಯಲ್ಲೊಂದು ಸಾಲು ಉಳಿಯಿತು.

"ಬಾಕಿ ವಿಷಯದಲ್ಲಿ ಪಹಲೇ ಇಂದ ಹೇಗೆ ನಡೀತಾ ಇದೆ, ಹಾಗೇ ನಡೀಬೇಕು ಅಂತ ಇದೆ." ಅವಳು ಅವನ ಮುಖ ನೋಡಲಿಲ್ಲ. "ಅಂಕಲ್, ಈ ಲೈನ್ ನಿಮ್ದು."

ಹದಿನೈದು ದಿನ ಬಿಟ್ಟು ಅಹ್ಮದಾಬಾದಿನಲ್ಲಿ ಫೈನಲ್. ಅದೂ ಶುಕ್ರವಾರ. ರೆಫರಿಗಳಿಗೆ ಹೊಸ ಕೋಟು ಬಂದಿತ್ತು. ಮ್ಯಾಟ್ ಹಾಸಲು ಬೇರೆ ಜನ ಬಂದಿದ್ದರು. ಪಟ್ಟಾಭಿರಾಮ ಗಣಪತಿಯ ಬೆನ್ನು ತಟ್ಟಿ, "ಫೈನಲ್ ನಿಂಗೇ ಕೊಟ್ಟಿದೀನಿ ಕಣಯ್ಯಾ. ನೀನೇ ರೆಫರಿ" ಎಂದರು. ತಟ್ಟಿದ್ದು ಬಿರುಕು ಬಿಟ್ಟ ಪಕ್ಕೆಯ ಮೇಲೆ. ಹತ್ತನೆಯದರ ಮಾತು ಎತ್ತಲಿಲ್ಲ.

ಏಳೂವರೆಗೆ ಗಣಪತಿ ಡ್ರೆಸಿಂಗ್ ರೂಮಿಗೆ ಹೋದ. ಬೆಂಚಿನ ಮೇಲೆ ಕಟರ್ ಕಾದಿತ್ತು. ಆದರ್ಶ ಈ ಸಲ ಕೈ ಕೊಡಲೇ ಇಲ್ಲ. ಮೊದಲೇ ಕಾಲು ಚಾಚಿದ.

ಗಣಪತಿ ಕಟರ್ ಎತ್ತಿ ಅವನ ತೊಡೆಯ ಮೇಲಿಟ್ಟ.

"ನಿನ್ನ ಉಗುರು ನೀನೇ ಕತ್ತರಿಸು. ಕೈಯದ್ದು. ಕಾಲು ನನಗೆ ತೋರಿಸಬೇಡ."

"ಕಾಕಾ, ದೀಪ ಹಚ್ಚಿ ಆಗಿದೆ."

"ಹಾಗಾದ್ರೆ ಆಡಬೇಡ. ಉಗುರು ಇದ್ದವನನ್ನ ನಾನು ಅಂಕಣಕ್ಕೆ ಬಿಡೋದಿಲ್ಲ."

"ಹಜಾಮನ ಮಗ ನನ್ನ ಆಡಬೇಡ ಅಂತಾನಾ?"

"ಹಜಾಮನ ಮಗನೇ. ಅದಕ್ಕೇ ಹೇಳ್ತಿರೋದು," ಎಂದ ಗಣಪತಿ. ಬಾಯಿಂದ ಆ ಮಾತು ಬಂದಾಗ ಅವನಿಗೇ ಆಶ್ಚರ್ಯ. ಮೂವತ್ನಾಲ್ಕು ವರ್ಷ ನಾಚಿಕೊಂಡ ಮಾತು. ಹಗುರವಾಗಿತ್ತು.

ಸತ್ಯಪ್ರಕಾಶ ಬಂದ. ಜೊತೆಗೆ ಇಬ್ಬರು ಬೌನ್ಸರುಗಳು. ಗಣಪತಿಯನ್ನು ಕಾಲರ್ ಹಿಡಿದು ಪಕ್ಕದ ಸಾಮಾನು ಕೋಣೆಗೆ ಎಳೆದುಕೊಂಡು ಹೋದರು.

"ಒಂದು ನಿಮಿಷದ ಕೆಲಸ, ಗಣಪತ್ ಭಾಯ್. ಯಾಕೆ ನಾಟಕ?"

"ಮಾಡೋದಿಲ್ಲ."

"ಯಾವ ಕೈ ಮಾಡೋದಿಲ್ಲ? ಇದಾ?"

ಬಲಗೈಯನ್ನು ಬಾಗಿಲ ಚೌಕಟ್ಟಿನ ಸಂದಿಯಲ್ಲಿಟ್ಟು ಹಿಡಿದರು. ಕಬ್ಬಿಣದ ಬಾಗಿಲು. ಎಳೆದು ಮುಚ್ಚಿದರು.

ಅವನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಒಳಗೆ ಢೋಲು ಬಡಿಯುತ್ತಿತ್ತು. ಹದಿನೈದು ಸಾವಿರ ಜನ ಆದರ್ಶನ ಹೆಸರು ಕೂಗುತ್ತಿದ್ದರು.

"ಈಗ?"

"ಇಲ್ಲ."

ಮತ್ತೊಮ್ಮೆ ಬಾಗಿಲು. ಎರಡು ಬೆರಳು ಬಾಗಬಾರದ ಕಡೆಗೆ ಬಾಗಿದವು. ಗಣಪತಿ ಉಚ್ಚೆ ಹೊಯ್ದುಕೊಂಡ. ಹೊಸ ಕೋಟು, ಹೊಸ ಪ್ಯಾಂಟು.

"ಈಗ?"

"ನಿನ್ನ ಕಾಲಿನದೂ ತೆಗೆಯೋದಿಲ್ಲ," ಎಂದ.

ಮೂರನೆಯ ಸಲ ಬಾಗಿಲು ಎಳೆಯುವಷ್ಟರಲ್ಲಿ ಪಟ್ಟಾಭಿರಾಮ ಓಡುತ್ತ ಬಂದರು. ಹಿಂದೆ ನಿಕಿತಾ. ಬೌನ್ಸರುಗಳು ಕೈ ಬಿಟ್ಟರು. ಪಟ್ಟಾಭಿರಾಮ ಆ ಬೆರಳುಗಳನ್ನು ನೋಡಿದರು. ಆದರೂ ಹೊರಬಿದ್ದ ಮಾತು ಇದು.

"ಗಣಪತೀ, ಒಪ್ಪಂದ ಮುರಿದು ಹೋಗುತ್ತೆ ಕಣಯ್ಯಾ. ಐದು ಜನರ ಹೊಟ್ಟೆ ಮೇಲೆ ಹೊಡೀಬೇಡ. ಒಂದು ನಿಮಿಷದ ಕೆಲಸ."

"ಒಂದೇ ನಿಮಿಷದ್ದಾದ್ರೆ ನೀವು ಮಾಡಿ ಸಾರ್."

ಪಟ್ಟಾಭಿರಾಮ ನಿಕಿತಾಳ ಕಡೆ ತಿರುಗಿದರು. ಅವಳು ತಲೆ ಅಲ್ಲಾಡಿಸಿದಳು. "ಚೆಕ್ ಮಾಡ್ತೀನಿ. ಕಟ್ ಮಾಡಲ್ಲ. ಬಸ್." ಉಳಿದ ಮೂವರು ಎಲ್ಲೂ ಕಾಣಲಿಲ್ಲ. ಸತ್ಯಪ್ರಕಾಶ ಗಡಿಯಾರ ತೋರಿಸಿದ.

ಕೊನೆಗೆ ಪಟ್ಟಾಭಿರಾಮರೇ ಆದರ್ಶನ ಹತ್ತಿರ ಹೋದರು. ಅರವತ್ತೆರಡು ವರ್ಷದ ಮನುಷ್ಯ. ಮಂಡಿ ನೋವು. ಬೆಂಚಿನ ಕಾಲು ಹಿಡಿದು ಹಿಡಿದು ನೆಲಕ್ಕೆ ಇಳಿದರು. ಗಣಪತಿ ಬಾಗಿಲಿಗೆ ಒರಗಿ ನಿಂತಿದ್ದ. ಬಲಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದ.

"ಹಾಥ್ ದೋ ಬೇಟಾ," ಎಂದರು ಪಟ್ಟಾಭಿರಾಮ.

"ಮೊದಲು ಕಾಲು," ಎಂದ ಆದರ್ಶ.

"ಕಾಲಿಂದು ನಿಯಮದಲ್ಲಿ ಇಲ್ಲ ಬೇಟಾ..."

"ಮೂರು ವರ್ಷದಿಂದ ನಿಯಮವೇ ನಡೀತಿತ್ತಾ, ಸಾಬ್?"

ಪಾದ ಬಂದು ಅವರ ಮೊಣಕಾಲ ಮೇಲೆ ಕೂತಿತು. ಪಟ್ಟಾಭಿರಾಮ ಒಂದು ಸಲ ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಗಣಪತಿ ಕಣ್ಣು ತಪ್ಪಿಸಲಿಲ್ಲ. ಅವರು ತಲೆ ತಗ್ಗಿಸಿದರು. ಹೆಂಡತಿಯ ಉಗುರನ್ನೂ ಕತ್ತರಿಸಿ ಗೊತ್ತಿಲ್ಲದ ಕೈ. ಅದೇ ಹೆಬ್ಬೆರಳು, ಅದೇ ಹೂತ ಉಗುರು. ಕಟರ್ ಮಾಂಸಕ್ಕೆ ಕಚ್ಚಿತು.

ಒದೆ ಬಿತ್ತು. ಕನ್ನಡಕದ ಗಾಜು ಪುಡಿಯಾಗಿ ಹುಬ್ಬಿಗೆ ಚುಚ್ಚಿತು. ಮೂಗಿನಿಂದ ರಕ್ತ ಧಾರೆಯಾಗಿ ಇಳಿದು ಬಿಳಿ ಮೀಸೆ ಕೆಂಪಾಯಿತು. ಮಂಡಿ ಊರಲು ಹೋಗಿ ಮತ್ತೆ ಬಿದ್ದರು. ಹನ್ನೆರಡು ಜನ ನಕ್ಕರು.

ಈಗ ನೋಡಿ ತಮಾಷೆ. ಮೂಲೆ ಮೂಲೆಯಿಂದ ರೆಫರಿಗಳು ಓಡಿ ಬಂದರು. "ಸಾಬ್ ಕೋ ಮಾರಾ! ಸಾಬ್ ಕೋ ಮಾರಾ!" ಅವರನ್ನು ಎತ್ತಿಕೊಂಡು ರೆಫರಿಗಳ ಕೋಣೆಗೆ ಓಡಿದರು. ಗಣಪತಿಯನ್ನು ನಿಕಿತಾ ಎಳೆದುಕೊಂಡು ಬಂದಳು. ಒಳಗಿನಿಂದ ಚಿಲಕ ಹಾಕಿದರು. ಪಂದ್ಯವಿಲ್ಲ, ಸೀಟಿಯಿಲ್ಲ. ಗಂಟೆ ಎಂಟು ದಾಟಿತು. ಹೊರಗೆ ಜನ ಕೆರಳಿದರು. ಕುರ್ಚಿ ಮುರಿಯುವ ಸದ್ದು, ಬಾಟಲಿ ಒಡೆಯುವ ಸದ್ದು. ಬೌನ್ಸರುಗಳು ಬಂದು ಬಾಗಿಲಿಗೆ ಭುಜ ಕೊಟ್ಟರು.

ಒಳಗೆ ಪಟ್ಟಾಭಿರಾಮ ಮೂಗಿಗೆ ಟವೆಲ್ ಒತ್ತಿಕೊಂಡು ಕಾಗದ ಕೇಳಿದರು. ಪೆನ್ನು ಕೇಳಿದರು. ಐದು ನಿಮಿಷದಲ್ಲಿ ಬರೆದರು. ಮೂರು ವರ್ಷದಲ್ಲಿ ಆಗದ್ದು ಐದೇ ನಿಮಿಷದಲ್ಲಿ ಆಯಿತು. ಎಲ್ಲರೂ ಸರಸರ ಸಹಿ ಹಾಕಿದರು. ಕಾಗದ ಗಣಪತಿಯ ಮುಂದೆ ಬಂತು.

"ಏನು ಬರೆದಿದ್ದಾರೆ, ಓದು ಮಗಾ," ಎಂದ ನಿಕಿತಾಳಿಗೆ. ಅವಳು ಇಂಗ್ಲಿಷ್ ಓದಿ ತನ್ನ ಕನ್ನಡದಲ್ಲಿ ಹೇಳಿದಳು.

"ಚೀಫ್ ರೆಫರಿ ಮೇಲೆ ಇವತ್ತು ಆಗಿರೋ ಅಟ್ಯಾಕ್ ನಾವು ಖಂಡಿಸ್ತೀವಿ. ಇನ್ನು ಮೇಲೆ ಯಾವ ರೆಫರಿನೂ ಪ್ಲೇಯರ್ ನೇಲ್ಸ್ ಕಟ್ ಮಾಡಲ್ಲ. ಆದರ್ಶ್ ಬ್ಯಾನ್ ಆಗೋವರೆಗೆ ಮ್ಯಾಚ್ ಇಲ್ಲ."

ಗಣಪತಿ ಕಾಗದವನ್ನು ಎಡಗೈಯಿಂದ ಹಿಂದಕ್ಕೆ ದೂಡಿದ.

"ನಾನು ಸಹಿ ಹಾಕುದಿಲ್ಲ."

"ಯಾಕಯ್ಯಾ?" ಪಟ್ಟಾಭಿರಾಮರ ದನಿ ಒಡೆಯಿತು. "ನೀನು ಕೇಳಿದ್ದೇ ಬರ್ದಿದೀನಲ್ಲಾ!"

"ನಾನು ಕೇಳಿದ್ದಲ್ಲ ಸಾರ್ ಇದು. ಇದು ನಿಮ್ಮ ಮೂಗಿಗೆ ಬರೆದದ್ದು."

ಬಾಗಿಲು ಅಲುಗಿತು. ಮೇಲಿನ ಸ್ಕ್ರೂ ಒಂದು ಸಡಿಲವಾಗಿ ನೆಲಕ್ಕೆ ಬಿತ್ತು. ಒಬ್ಬ ರೆಫರಿ, "ಗಣಪತ್ ಭಾಯ್, ಇದೇನಾ ಸಮಯ? ಹಾಕಿಬಿಡು!" ಎಂದು ಕಿರುಚಿದ.

"ಇದೇ ಸಮಯ," ಎಂದ ಗಣಪತಿ. "ಹೊಸ ಕಾಗದ ತೆಗೀರಿ ಸಾರ್. ಮೊದಲಿಂದ ಬರೀರಿ. ಒಂದನೇ ಬೇಡಿಕೆ. ಈ ತಿಂಗಳು ಮೂರನೇ ತಾರೀಕು, ಶುಕ್ರವಾರ, ಸುರತ್."

ಪಟ್ಟಾಭಿರಾಮ ಅವನ ಮುಖ ನೋಡಿದರು. ಅವನ ಬೆರಳು ನೋಡಿದರು. ಹೊಸ ಹಾಳೆ ಎಳೆದುಕೊಂಡರು. ಬರೆದರು. ರಕ್ತದ ಹನಿಯೊಂದು ಅಕ್ಷರದ ಮೇಲೆ ಬಿತ್ತು. ಮುಂಗೈಯಲ್ಲಿ ಒರೆಸಿದರು. ಸಾಲು ಹರಡಿತು.

"ಡ್ರೆಸಿಂಗ್ ರೂಮಿನಲ್ಲಿ ನಡೆದ ಅಹಿತಕರ ಘಟನೆಯಲ್ಲಿ..." ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯಹೋದರು.

"ಘಟನೆ ಬೇಡ. ಒದ್ದದ್ದು ಅಂತ ಬರೀರಿ. ಬಾಯಿಗೆ ಒದ್ದದ್ದು. ಕಾಲುಗುರು ತೆಗೀವಾಗ."

ಬರೆದರು.

"ತೆಗೀಲಿಕ್ಕೆ ಹೇಳಿದ್ದು ಯಾರು, ಅದನ್ನೂ ಬರೀರಿ."

ಪೆನ್ನು ನಿಂತಿತು. ಹೊರಗೆ ಯಾರೋ ಬೆಂಚನ್ನು ಎತ್ತಿ ತಂದು ಬಾಗಿಲಿಗೆ ಗುದ್ದಿದರು. ಗೋಡೆಯ ಗಾರೆ ಉದುರಿತು. ನಿಕಿತಾ ಒಂದೇ ಕೈಯಲ್ಲಿ ಮೇಜನ್ನು ತಳ್ಳಿ ಬಾಗಿಲಿಗೆ ಅಡ್ಡ ಕೊಟ್ಟು ಬೆನ್ನು ಒತ್ತಿ ನಿಂತಳು. ಉಳಿದ ಮೂವರೂ ಹೋಗಿ ಅವಳ ಪಕ್ಕ ಭುಜ ಕೊಟ್ಟರು. ಈ ಸಲ ಓಡಲು ಜಾಗವಿರಲಿಲ್ಲ.

ಪಟ್ಟಾಭಿರಾಮ ತಮ್ಮ ಹೆಸರು ಬರೆದರು. ಪೂರ್ತಿ ಬರೆದರು. ಆಮೇಲೆ ಕೇಳಿದರು, ತಲೆ ಎತ್ತದೆ:

"ಒದೆ ತಿಂದೋರ ಹೆಸರು... ಬಿ. ಗಣಪತಿ ಅಂತ ಹಾಕ್ಲಾ?"

"ಭಂಡಾರಿ ಅಂತ ಬಿಡಿಸಿ ಬರೀರಿ ಸಾರ್," ಎಂದ ಗಣಪತಿ. "ಕಟರ್ ಕೈಗೆ ಕೊಡುವಾಗ ನೆನಪಿತ್ತಲ್ಲ ನಿಮಗೆ."

ಬಾಗಿಲಿನ ಮೇಲಿನ ಕೀಲು ಕಿತ್ತು ಬಂತು. ಪಟ್ಟಾಭಿರಾಮ ಬರೆಯುತ್ತಿದ್ದರು.